ಶಿಷ್ಯರಲ್ಲಿ ಉಳಿದ ಗುರು

ಕೆಲವು ವರ್ಷಗಳ ಹಿಂದೆ ನೋಕಿಯಾ ಫೋನು ಮನೆಮನೆಗೂ ಬಂದಿದ್ದ ಕಾಲದಲ್ಲಿ, ಅದರಿಂದ ಹೊರಡುತ್ತಿದ್ದ ಕರೆಯ ನಾದವನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಎಲ್ಲೆಂದರಲ್ಲಿ ಅದು ಮೊಳಗುತ್ತಿದ್ದಿತು. ಕೆಲವೇ ಕ್ಷಣಗಳ ಆ ಸ್ವರಪಂಕ್ತಿಯು ‘ಗ್ರಾನ್ ವಾಲ್ಸ್’ ಎಂಬ ಗಿಟಾರ್ ಕೃತಿಯೊಂದರ ತುಣುಕೆಂಬುದನ್ನೂ, 1902ರ ಆ ಕೃತಿಯನ್ನು ರಚಿಸಿದವನು ಸ್ಪೇನ್ ದೇಶದ ಫ್ರಾನ್ಸಿಸ್ಕೊ ತಾರ್ರೆಗನೆಂಬುದನ್ನೂ ಬಲ್ಲವರು ಮಾತ್ರ ಎಷ್ಟು ಮಂದಿ? 1994ರಲ್ಲಿ ಆ ತುಣುಕನ್ನು ಫೋನಿಗೆ ಅಳವಡಿಸಿದಾಗ ಅದರ ಕರ್ತೃವು ತೀರಿಕೊಂಡು ಎಂಬತ್ತೈದು ವರ್ಷಗಳಾಗಿದ್ದವು. ಕೀರ್ತಿಯ ಗತಿ ವಿಚಿತ್ರವಾದುದು. ಒಬ್ಬ ಮನುಷ್ಯನ ಬಾಳಿನಲ್ಲಿ ಅತ್ಯಲ್ಪವಾದುದನ್ನು ಅದು ಲೋಕಕ್ಕೆಲ್ಲ ಸಾರಿ, ಅತ್ಯಂತ ದೊಡ್ಡದನ್ನು ಮರೆಯಲ್ಲಿಡುತ್ತದೆ. ತಾರ್ರೆಗನ ಬಾಳಿನಲ್ಲಿ ದೊಡ್ಡದು ಯಾವುದು? ಆತನ ವಾದನವೂ ಅಲ್ಲ, ರಚನೆಗಳೂ ಅಲ್ಲ; ಆತನು ಕಲಿಸಿದ ರೀತಿ ಎಂಬುದು ನನ್ನ ಅಭಿಪ್ರಾಯ.

ತಾರ್ರೆಗನು ಹುಟ್ಟಿದ್ದು 1852ರ ನವೆಂಬರ್ 21ರಂದು, ಸ್ಪೇನಿನ ಪೂರ್ವತೀರಕ್ಕೆ ಸಮೀಪದ ವಿಲರಿಯಾಲ್ ಎಂಬ ಊರಿನಲ್ಲಿ. ತಂದೆಯು ಕ್ರೈಸ್ತ ಮಠವೊಂದರ ಕಾವಲುಗಾರ. ಬಿಡುವಿನಲ್ಲಿ ಗಿಟಾರನ್ನು ನುಡಿಸುತ್ತಿದ್ದವನು. ಮಗುವಾಗಿದ್ದಾಗಲೇ ತಾರ್ರೆಗನು ನೀರಿನ ಕಾಲುವೆಯಲ್ಲಿ ಬಿದ್ದು ಕಣ್ಣುಗಳಿಗೆ ಅಪಾಯವಾಯಿತು. ಮಗನು ಮುಂದೆ ಪೂರ್ಣ ಕುರುಡನಾದರೂ ಸಂಗೀತದಿಂದ ಹೊಟ್ಟೆ ಹೊರೆದುಕೊಳ್ಳಬಹುದೆಂದು ಯೋಚಿಸಿದ ತಂದೆಯು ಸಂಸಾರವನ್ನೇ ಕಾಸ್ತೆಯೋನ್ ಪಟ್ಟಣಕ್ಕೆ ಸಾಗಿಸಿದನು. ಅಲ್ಲಿ ಹುಡುಗನಿಗೆ ಮೊದಲ ಪಾಠ ಹೇಳಿದ ಇಬ್ಬರು ಗುರುಗಳೂ ಅಂಧರು. 1862ರಲ್ಲಿ ಅಂದಿನ ಹೆಸರಾಂತ ಗಿಟಾರ್ ವಾದಕ ಜೂಲಿಯನ್ ಆರ್ಕಾಸನು ಈ ಬಾಲಕನ ಪ್ರತಿಭೆಯನ್ನು ಕಂಡು ಬಾರ್ಸಿಲೋನಕ್ಕೆ ಕಳುಹಿಸುವಂತೆ ಸೂಚಿಸಿದನು. ತಂದೆಯು ಒಪ್ಪಿದನು, ಆದರೆ ಪಿಯಾನೋವನ್ನೂ ಕಲಿಯಲೇಬೇಕೆಂದು ಕಟ್ಟಳೆ ಹಾಕಿದನು.

ಆ ತಂದೆಯನ್ನು ನಾವು ಹಳಿಯುವಂತಿಲ್ಲ. ಅಂದಿನ ಸ್ಪೇನಿನಲ್ಲಿ ಗಿಟಾರು ಹಾಡುವವರ ಹಿಂದೆ ಮಿಡಿಯುವ ವಾದ್ಯ, ಕಾಫಿ ಅಂಗಡಿಯ ವಾದ್ಯ. ಗೌರವವೂ ಸಂಪಾದನೆಯೂ ಇದ್ದದ್ದು ಪಿಯಾನೋದಲ್ಲಿ. ಬಡವನ ಮನೆಯಲ್ಲಿ ಮಗನ ಒಲವಿಗಿಂತ ಮೊದಲು ಮಗನ ಅನ್ನದ ಮಾತು ಬರುವುದು ಸಹಜ. ‘ಬಿ.ಎ. ಓದಿ ಏನು ಮಾಡುತ್ತೀಯಪ್ಪಾ?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದ ವಿದ್ಯಾರ್ಥಿ ನಮ್ಮಲ್ಲಿ ಯಾರಿದ್ದಾರೆ? ತಾರ್ರೆಗನು ಒಂದಕ್ಕಿಂತ ಹೆಚ್ಚು ಸಲ ಮನೆಯವರ ಕೈತಪ್ಪಿಸಿಕೊಂಡು ಓಡಿಹೋದನು. ಕಾಫಿ ಅಂಗಡಿಗಳಲ್ಲಿ ನುಡಿಸಿದನು. ಎರಡು ಸಲ ತಂದೆಯು ಹುಡುಕಿ ಕರೆತಂದನು. ಕೊನೆಗೆ ಧನಿಕನೊಬ್ಬನ ನೆರವಿನಿಂದ 1874ರಲ್ಲಿ ಮ್ಯಾಡ್ರಿಡ್ಡಿನ ಸಂಗೀತ ಶಾಲೆಯನ್ನು ಸೇರಿದನು. ಪಿಯಾನೋವನ್ನೂ ಸಂಗೀತಶಾಸ್ತ್ರವನ್ನೂ ಅಲ್ಲಿ ಚೆನ್ನಾಗಿ ಅಭ್ಯಸಿಸಿದ ಮೇಲೆಯೇ ಗುರುವಾದ ಎಮಿಲಿಯೊ ಅರ್ರಿಯೆತನು ಗಿಟಾರಿಗೇ ಬಾಳನ್ನು ಮುಡಿಪಾಗಿಡುವಂತೆ ಆತನ ಮನವೊಲಿಸಿದನು.

ವಾದ್ಯವೂ ಆ ಹೊತ್ತಿಗೆ ಸಿದ್ಧವಾಗಿದ್ದಿತು. ಅಲ್ಮೇರಿಯದ ಆಂಟೋನಿಯೊ ತೋರ್ರೆಸ್ ಎಂಬ ಶಿಲ್ಪಿಯು ಗಿಟಾರಿನ ಒಡಲನ್ನು ಹಿಗ್ಗಿಸಿ, ಮೇಲುಹಲಗೆಯ ಒಳಗೆ ಬೀಸಣಿಗೆಯ ಆಕಾರದಲ್ಲಿ ತೆಳುವಾದ ಪಟ್ಟಿಗಳನ್ನು ಜೋಡಿಸಿ, ಹಿಂದೆಂದೂ ಇಲ್ಲದ ನಾದವನ್ನು ಅದಕ್ಕೆ ತಂದುಕೊಟ್ಟಿದ್ದನು. ತೋರ್ರೆಸನ ಗಿಟಾರೊಂದು 1869ರಲ್ಲಿಯೇ ತಾರ್ರೆಗನ ಕೈಸೇರಿತ್ತು. ಎಡಗಾಲನ್ನು ಪುಟ್ಟ ಮಣೆಯ ಮೇಲಿರಿಸಿ, ಎಡತೊಡೆಯ ಮೇಲೆ ವಾದ್ಯವನ್ನು ನಿಲ್ಲಿಸಿಕೊಂಡು ಕುಳಿತುಕೊಳ್ಳುವ ಭಂಗಿ. ಮೀಟಿದ ಬೆರಳು ಪಕ್ಕದ ತಂತಿಯ ಮೇಲೆ ಒರಗಿ ವಿಶ್ರಮಿಸುವ ಕ್ರಮ. ಇವು ಇಂದು ಜಗತ್ತಿನ ಗಿಟಾರ್ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತ. ಇವನ್ನೆಲ್ಲ ಆತನೊಬ್ಬನೇ ಕಂಡುಹಿಡಿದನೆಂದು ಹೇಳುವುದು ಅತಿಶಯೋಕ್ತಿಯಾದೀತು. ಚದುರಿಹೋಗಿದ್ದುದನ್ನು ಒಂದು ಶಿಸ್ತಿಗೆ ತಂದವನು ಆತನೆಂದರೆ ಸಾಕು. ಬಾಖ್, ಶೋಪ್ಯಾಂ, ಮೆಂಡೆಲ್‌ಸನ್ ಮೊದಲಾದವರ ಕೃತಿಗಳನ್ನು ಆತನು ಗಿಟಾರಿಗೆ ಅಳವಡಿಸಿದನು. ‘ಅಲ್ಹಾಂಬ್ರದ ನೆನಪುಗಳು’ ಎಂಬ ಆತನದೇ ಕೃತಿಯಲ್ಲಿ ಮೂರು ಬೆರಳುಗಳು ಒಂದೇ ತಂತಿಯನ್ನು ಸರಸರನೆ ಮೀಟುತ್ತಿರುವಾಗ ಹೆಬ್ಬೆರಳು ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಒಂದೇ ಕೈಯಿಂದ ಇಬ್ಬರು ನುಡಿಸುತ್ತಿರುವಂತೆ ಕೇಳುವವರಿಗೆ ಭಾಸವಾಗುತ್ತದೆ.

ಇಷ್ಟೆಲ್ಲ ಮಾಡಿದ ತಾರ್ರೆಗನು ಬರೆಯದೆ ಬಿಟ್ಟ ಗ್ರಂಥವೊಂದಿದೆ: ಅದು ಬೋಧನೆಯ ಕೈಪಿಡಿ. ಆತನಿಗಿಂತ ಹಿಂದಿನ ಫರ್ನಾಂಡೊ ಸೋರ್ ಮತ್ತು ಡಿಯೊನಿಸಿಯೊ ಅಗ್ವಾದೋ ಇಬ್ಬರೂ ಅಂತಹ ಗ್ರಂಥಗಳನ್ನು ರಚಿಸಿದ್ದರು. ಅವು ಅಚ್ಚಾಗಿದ್ದವು. ಹೀಗಿದ್ದೂ ತರುಣರು ಬಾರ್ಸಿಲೋನದಲ್ಲಿದ್ದ ತಾರ್ರೆಗನನ್ನೇ ಅರಸಿಕೊಂಡು ಬರುತ್ತಿದ್ದರು. ಏಕೆ? ಬೆರಳನ್ನು ಎಲ್ಲಿಡಬೇಕೆಂಬುದನ್ನು ಪುಸ್ತಕವು ಹೇಳಬಲ್ಲದು. ಇಟ್ಟ ಬೆರಳಿನಿಂದ ಹೊರಟ ನಾದವನ್ನು ಅದು ಕೇಳಿಸಿಕೊಳ್ಳಲಾರದು. ಪಾಠವೆಲ್ಲ ಅಂಗೈಯ ಫೋನಿನಲ್ಲೇ ದೊರೆಯುವಾಗ ಗುರುವಿನ ಅವಶ್ಯಕತೆಯೇನು ಎಂದು ಇಂದು ಕೇಳುವವರಿಗೆ ಇದೇ ಉತ್ತರ. ಫೋನು ಹೇಳುತ್ತದೆ, ಗುರುವು ಕೇಳುತ್ತಾನೆ. ಕಲಿಕೆಯ ಅರ್ಧಭಾಗ ಈ ಕೇಳುವಿಕೆಯಲ್ಲಿದೆ.

ಇನ್ನು ಆತನ ಶಿಷ್ಯರನ್ನು ನೋಡೋಣ. ಮಿಗೇಲ್ ಲ್ಯೊಬೆಟನು ಕ್ಯಾಟಲೋನಿಯದ ಜನಪದ ಗೀತೆಗಳನ್ನು ಹೊಸ ಸ್ವರಮೇಳದೊಡನೆ ಗಿಟಾರಿಗೆ ತಂದನು. ಅರ್ಜೆಂಟೀನದ ಮರಿಯಾ ಲೂಯಿಸಾ ಆನಿಡೋ ಆತನ ಶಿಷ್ಯೆ. ಎಮಿಲಿಯೊ ಪುಜೋಲನು ಹಿಂದಕ್ಕೆ ಹೊರಳಿ, ಹದಿನಾರನೆಯ ಶತಮಾನದ ‘ವಿಹುವೇಲ’ ಎಂಬ ಮರೆತ ವಾದ್ಯದ ಸಂಗೀತವನ್ನು ಬೆಳಕಿಗೆ ತಂದನು. ಡೇನಿಯಲ್ ಫೋರ್ತೆಯನು ಮ್ಯಾಡ್ರಿಡ್ಡಿನಲ್ಲಿ ನೆಲೆಸಿ ಪಾಠವನ್ನೂ ಪ್ರಕಟಣೆಯನ್ನೂ ಕೈಗೊಂಡನು. ಜೋಸೆಫೀನಾ ರೊಬ್ಲೇದೋ ಗುರುವಿನ ವಿದ್ಯೆಯನ್ನು ದಕ್ಷಿಣ ಅಮೆರಿಕಕ್ಕೆ ಒಯ್ದಳು. ಒಬ್ಬನೇ ಗುರು, ನಾಲ್ವರಿಗೆ ನಾಲ್ಕು ದಾರಿ! ಇನ್ನೂ ಸ್ವಾರಸ್ಯವಾದುದೆಂದರೆ, ತಾರ್ರೆಗನು ಕೊನೆಯ ವರ್ಷಗಳಲ್ಲಿ ಉಗುರನ್ನು ತ್ಯಜಿಸಿ ಬೆರಳ ತುದಿಯ ಮಾಂಸದಿಂದಲೇ ತಂತಿಯನ್ನು ಮೀಟುತ್ತಿದ್ದನು. ಪುಜೋಲನು ಜೀವಮಾನವಿಡೀ ಅದನ್ನೇ ಅನುಸರಿಸಿದನು. ಲ್ಯೊಬೆಟನಾದರೋ ಉಗುರಿನಿಂದಲೇ ನುಡಿಸಿದನು. ನಾದದ ಮೂಲದಲ್ಲೇ ಹೀಗೆ ಭಿನ್ನವಾದ ಇಬ್ಬರೂ ತಾರ್ರೆಗನ ಶಿಷ್ಯರೇ. ಗುರುವಿನ ಪಡಿಯಚ್ಚಾಗದೆಯೂ ಗುರುವಿಗೆ ನಿಷ್ಠರಾಗಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಲ್ಲಿ ಎರಡು ಆಕ್ಷೇಪಣೆಗಳು ಏಳಬಹುದು. ಲೋಕಪ್ರಸಿದ್ಧನಾದ ಆಂಡ್ರೆಸ್ ಸೆಗೋವಿಯನು ತಾರ್ರೆಗನ ಬಳಿ ಕಲಿತವನಲ್ಲ, ತನಗೆ ತಾನೇ ಗುರುವೆಂದು ಹೇಳಿಕೊಂಡವನು. ಹಾಗಾದರೆ ಗುರುವಿಲ್ಲದೆಯೂ ಶಿಖರವನ್ನೇರಬಹುದಲ್ಲವೇ ಎಂಬುದು ಮೊದಲನೆಯದು. ಏರಬಹುದು, ಸೆಗೋವಿಯನಂಥವರು ಏರಬಹುದು. ಆದರೆ ಆತನೂ ಬಾರ್ಸಿಲೋನದಲ್ಲಿ ಲ್ಯೊಬೆಟನ ಸಹವಾಸದಿಂದ ಬಹಳವನ್ನು ಪಡೆದನು. ತಾರ್ರೆಗನ ಕೃತಿಗಳನ್ನು ತನ್ನ ಕಚೇರಿಗಳಲ್ಲಿ ನುಡಿಸಿದನು. ಗುರುವಿನ ಮನೆಗೆ ಹೋಗದಿದ್ದರೂ ಗುರು ಕಡಿದ ದಾರಿಯಲ್ಲಿಯೇ ನಡೆದನು. ಬಾಯಿಮಾತಿನ ವಿದ್ಯೆಯು ಗುರುವಿನೊಡನೆಯೇ ಅಳಿದುಹೋಗುತ್ತದೆಯಲ್ಲವೇ ಎಂಬುದು ಎರಡನೆಯದು. ಈ ಮಾತಿನಲ್ಲಿ ಸತ್ಯವಿದೆ. ಪುಜೋಲನು ಗುರುವಿನ ಪಾಠಕ್ರಮವನ್ನು ವಿವೇಚಿಸಿ 1934ರಿಂದ ಸಂಪುಟಗಳಾಗಿ ಪ್ರಕಟಿಸದಿದ್ದರೆ, 1960ರಲ್ಲಿ ಗುರುವಿನ ಜೀವನಚರಿತ್ರೆಯನ್ನು ಬರೆಯದಿದ್ದರೆ, ನಮಗೆ ಬಹಳಷ್ಟು ನಷ್ಟವಾಗುತ್ತಿದ್ದಿತು. ಆದುದರಿಂದ ಗ್ರಂಥವು ಬೇಡವೆಂದು ನಾನು ಹೇಳುತ್ತಿಲ್ಲ. ಗುರುವು ಮೊದಲು, ಗ್ರಂಥವು ಆತನ ಹಿಂದೆ ಎನ್ನುತ್ತಿದ್ದೇನೆ.

1906ರ ಜನವರಿಯಲ್ಲಿ ತಾರ್ರೆಗನಿಗೆ ಬಲಪಾರ್ಶ್ವದ ಲಕ್ವ ಹೊಡೆಯಿತು. ತಂತಿಯನ್ನು ಮೀಟುವ ಕೈಯೇ ಅದು. ಬಾಳೆಲ್ಲ ಯಾವ ಬೆರಳುಗಳಿಗಾಗಿ ದುಡಿದಿದ್ದನೋ ಅವೇ ಮಾತು ಕೇಳದಾದವು. ಆತನು ಧೃತಿಗೆಡದೆ ಮತ್ತೆ ಅಭ್ಯಾಸಕ್ಕೆ ಕುಳಿತು, ಹಿಂದಿನಂತಲ್ಲದಿದ್ದರೂ ಮತ್ತೆ ನುಡಿಸಿದನು. 1909ರ ಡಿಸೆಂಬರ್ 15ರಂದು, ತನ್ನ 57ನೆಯ ವಯಸ್ಸಿನಲ್ಲಿ, ಬಾರ್ಸಿಲೋನದಲ್ಲಿ ತೀರಿಕೊಂಡನು. 1935ರಲ್ಲಿ ಮ್ಯಾಡ್ರಿಡ್ಡಿನ ಅದೇ ಸಂಗೀತ ಶಾಲೆಯಲ್ಲಿ ಗಿಟಾರಿನ ಅಧ್ಯಾಪಕನಾದವನು ರೆಜಿನೊ ಸಾಯಿನ್ಸ್ ದೆ ಲಾ ಮಾಸ. ಆತನು ಫೋರ್ತೆಯನಲ್ಲಿ ಕಲಿತವನು. ಕಾಫಿ ಅಂಗಡಿಯ ವಾದ್ಯವು ಹೀಗೆ ವಿದ್ಯಾಮಂದಿರದ ಪೀಠವನ್ನೇರಿತು. ಅದನ್ನು ಕಾಣಲು ತಾರ್ರೆಗನು ಬದುಕಿರಲಿಲ್ಲ. ಆದರೆ ಆ ಪೀಠದ ಕಾಲುಗಳನ್ನು ನಿಲ್ಲಿಸಿದವನು ಆತನೇ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಮೊದಲಿಗರು, ನಾನೂ ಅವರಲ್ಲೊಬ್ಬ. ಬರೆದುದನ್ನು ತಿದ್ದುವವರು, ‘ಈ ಪುಸ್ತಕವನ್ನು ಓದು’ ಎನ್ನುವವರು ನಮ್ಮ ಮನೆಗಳಲ್ಲಿಲ್ಲ. ಅವರು ದೊರೆತರೆ ಇಲ್ಲಿಯೇ, ಈ ತರಗತಿಗಳಲ್ಲಿಯೇ ದೊರೆಯಬೇಕು. ಅಧ್ಯಾಪಕರು ಹೇಳಿ ಬರೆಸಿದ ನೋಟ್ಸನ್ನು ಉರುಹೊಡೆದು ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುವುದರಿಂದ ದರ್ಜೆ ದೊರೆತೀತು, ವಿದ್ಯೆ ದೊರೆಯದು. ಪೂಜ್ಯ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ತಾವು ಹೇಳುವುದರ ಜೊತೆಗೆ ನಾವು ಹೇಳುವುದನ್ನೂ ಕೇಳಿಸಿಕೊಳ್ಳಬೇಕು, ತಪ್ಪು ಸ್ವರ ಹೊರಟಾಗ ಅಲ್ಲಿಯೇ ತಡೆದು ತಿದ್ದಬೇಕು, ನಮ್ಮ ದನಿ ತಮ್ಮ ದನಿಗಿಂತ ಬೇರೆಯಾದಾಗ ಅದನ್ನು ಅವಿಧೇಯತೆಯೆಂದು ಎಣಿಸಬಾರದು. ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು: ಕೇಳಿಸಿಕೊಳ್ಳುವ ಗುರು ಸಿಕ್ಕಾಗ ನಾವು ಮೌನವಾಗಿ ಕುಳಿತರೆ ತಪ್ಪು ನಮ್ಮದೇ. ಗುರುವು ಎಷ್ಟು ಪುಟ ಬರೆಸಿದನೆಂದು ಯಾರೂ ನೆನೆಯುವುದಿಲ್ಲ. ಆತನ ಬಳಿಯಿಂದ ಎಂಥವರು ಎದ್ದುಹೋದರು ಎಂಬುದೇ ಕಡೆಯಲ್ಲಿ ಉಳಿಯುವ ಲೆಕ್ಕ.