ಮಂಗಳವಾರಕ್ಕೆ ಕಾಯದ ಕಾಯಿಲೆ

ಮನೋರೋಗಿಯನ್ನು ಕುರಿತ ಭಾರತದ ಕಾನೂನು ನೂರು ವರ್ಷಗಳಲ್ಲಿ ಮೂರು ಸಲ ಮಾತು ಬದಲಿಸಿದೆ. 1912ರ ಕಾಯ್ದೆಗೆ ಬೇಕಿದ್ದದ್ದು ರೋಗಿಯಿಂದ ಊರನ್ನು ಕಾಪಾಡುವುದು. 1987ರದು ಕರುಣೆ ತೋರಿದರೂ ಆಸ್ಪತ್ರೆಯ ಗೋಡೆ ದಾಟಿ ಹೆಚ್ಚೇನೂ ನೋಡಲಿಲ್ಲ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿ ಬಿಗಿದಿದ್ದ 28 ಮಂದಿ ಬೆಂಕಿಯಲ್ಲಿ ಸುಟ್ಟುಹೋದ ಮೇಲೂ ಆ ಕಾಯ್ದೆ ರೂಪುಗೊಳ್ಳಲು ಹದಿನಾರು ವರ್ಷ ಬೇಕಾಯಿತು.

ಈ ಕಾಯ್ದೆಯ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಇದು ಪಶ್ಚಿಮದ ಎರವಲು, ರೋಗಿಯನ್ನು ಸಾಕುವ ಮನೆಯವರನ್ನೇ ಮರೆತಿದೆ ಎನ್ನುವುದು ಹಲವು ಮನೋವೈದ್ಯರ ದೂರು. ದೂರಿನಲ್ಲಿ ಹುರುಳಿದೆ. ಆದರೆ ವಾದವೆಲ್ಲ ದಾಖಲಾತಿ, ಸಹಿ, ಮಂಡಳಿಗಳಿಗೇ ಮೀಸಲಾಗಿ, 18ನೇ ಕಲಮು ಮರೆಗೆ ಸರಿದಿದೆ. ರೋಗಿ ಚಿಕಿತ್ಸೆಗಾಗಿ ಬಹುದೂರ ಹೋಗುವಂತಾಗಬಾರದು, ಅದು ಅವನಿರುವಲ್ಲಿಗೆ ಸಮೀಪವೇ ಸಿಗಬೇಕು ಎನ್ನುತ್ತದೆ ಆ ಕಲಮು.

ಆ ಕಲಮು ಎಷ್ಟು ಪಾಲನೆಯಾಗಿದೆ ಎಂಬುದಕ್ಕೆ ದಾವಣಗೆರೆ ಜಿಲ್ಲೆಯನ್ನೇ ನೋಡಿ. ಸೂಳೆಕೆರೆ ಸೀಮೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲೂ ಆಚೆಯ ಜಗಳೂರಿನಲ್ಲೂ ಮನೆಮಗನ ಮಾತು ಹಳಿತಪ್ಪಿದರೆ ಹಲವರಿಗೆ ಮೊದಲು ನೆನಪಾಗುವುದು ‘ಗಾಳಿ ಸೋಕಿದೆ’ ಎಂಬ ಮಾತು, ಆಮೇಲೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆ. ಅವರನ್ನು ಮೂಢರೆಂದು ಜರಿಯುವುದು ಅನ್ಯಾಯ. ಗದ್ದುಗೆಗೆ ಯಾವ ದಿನ ಹೋದರೂ ಕೈಮುಗಿದು ಬರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಲು ರಾಜ್ಯದ ಮನೋಚೈತನ್ಯ ಯೋಜನೆ ಗೊತ್ತುಮಾಡಿರುವುದು ಮಂಗಳವಾರವನ್ನು. ಬುಧವಾರ ಕೆರಳಿದ ಕಾಯಿಲೆ ಆರು ದಿನ ತಡೆಯಬೇಕೆ? ನ್ಯಾಮತಿಯವರಿಗಂತೂ ತಮ್ಮ ಜಿಲ್ಲಾ ಕೇಂದ್ರ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ.

ಕರ್ನಾಟಕಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧವನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಊರಲ್ಲೇ ಇಟ್ಟು ಚಿಕಿತ್ಸೆ ಕೊಟ್ಟಾಗ ಅವರ ಅಸಾಮರ್ಥ್ಯ ತಗ್ಗಿದ್ದನ್ನೂ ನಿಮ್ಹಾನ್ಸ್ ತಂಡವೇ ದಾಖಲಿಸಿದೆ. ಇಷ್ಟಾಗಿಯೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬಹುತೇಕ ಮನೋರೋಗಗಳಿಗೆ ಚಿಕಿತ್ಸೆ ಸಿಗದವರ ಪಾಲು ಶೇ 70 ದಾಟಿತ್ತು.

ಚಿಕಿತ್ಸೆ ರೋಗಿಯ ಹತ್ತಿರವೇ ಇರಬೇಕೆಂಬುದನ್ನೇ ಹೊರದೇಶಗಳ ಅನುಭವವೂ ಹೇಳುತ್ತದೆ. ಇಟಲಿ 1978ರ 180ನೇ ಕಾನೂನಿನಿಂದ ಹುಚ್ಚಾಸ್ಪತ್ರೆಗಳ ಬಾಗಿಲು ಮುಚ್ಚತೊಡಗಿತು. ಮನೋವೈದ್ಯ ಬಸಾಲಿಯಾ ದುಡಿದ ತ್ರಿಯೆಸ್ತೆ ನಗರದಲ್ಲಿ ಬಡಾವಣೆಯ ಕೇಂದ್ರಗಳು ಹಗಲಿರುಳು ತೆರೆದಿದ್ದರಿಂದ ಅದು ಫಲಿಸಿತು. ಅಮೆರಿಕ 1963ರಲ್ಲಿ ಸಮುದಾಯ ಕೇಂದ್ರಗಳ ಕಾನೂನು ಮಾಡಿತು, ಕೇಂದ್ರಗಳನ್ನು ಸಾಕಷ್ಟು ಕಟ್ಟಲಿಲ್ಲ. ಆಸ್ಪತ್ರೆಯಿಂದ ಹೊರಬಿದ್ದ ಎಷ್ಟೋ ಮಂದಿ ಬೀದಿಯನ್ನೂ ಜೈಲನ್ನೂ ಸೇರಿದರು.

ನಮ್ಮಲ್ಲಿ 2022ರಿಂದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಅದು ಒಳ್ಳೆಯದೇ, ಆದರೆ ಫೋನು ಮಾತ್ರೆ ಕೊಡದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೋರೋಗದ ಔಷಧ ವಾರವಿಡೀ ಉಚಿತವಾಗಿ ಸಿಗುವಂತೆ ಸರ್ಕಾರ ಮಾಡಬೇಕು. ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ಮೇಲಿನ ಆಸ್ಪತ್ರೆಗಳಿಗೆ ಕಾಯ್ದೆ ಅದನ್ನು ಆಗಲೇ ಬರೆದುಕೊಟ್ಟಿದೆ; ಇನ್ನೊಂದು ಮೆಟ್ಟಿಲು ಕೆಳಗಿಳಿಸಿದರೆ ಸಾಕು.