‘ಒಲ್ಲೆ’ ಎನ್ನುವ ಬಲವೇ ಕೂಲಿಯ ಅಳತೆ

ಸುಗ್ಗಿ ಮುಗಿಯುತ್ತಲೇ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಇಲ್ಲಿ ಕೆಲಸ ಕಡಿಮೆ, ಅಲ್ಲಿ ಹೆಚ್ಚು. ಕೂಲಿ ಇದ್ದಲ್ಲಿಗೆ ಜನ ಹೋಗುತ್ತಾರೆ ಎಂಬ ಬೇಡಿಕೆ-ಪೂರೈಕೆಯ ವಿವರಣೆ ಸುಳ್ಳಲ್ಲ, ಆದರೆ ಅರ್ಧ ಸತ್ಯ. ತೊಗರಿಯನ್ನು ಗೋದಾಮಿನಲ್ಲಿಟ್ಟು ಬೆಲೆ ಏರುವವರೆಗೆ ಕಾಯಬಹುದು. ದುಡಿಯದೆ ಕಳೆದ ದಿನವನ್ನು ಯಾವ ಗೋದಾಮಿನಲ್ಲೂ ಇಡಲಾಗದು. ಹಾಗಾಗಿ ಕೂಲಿ ಎಷ್ಟೆಂಬುದನ್ನು ಕೆಲಸಗಾರರ ಸಂಖ್ಯೆಯೊಂದೇ ತೀರ್ಮಾನಿಸುವುದಿಲ್ಲ; ಕಡಿಮೆ ದರಕ್ಕೆ ‘ಒಲ್ಲೆ’ ಎನ್ನಲು ಅವರಿಗಿರುವ ಬಲವೂ ತೀರ್ಮಾನಿಸುತ್ತದೆ.

ಆ ಬಲ ಇಲ್ಲಿ ಏಕೆ ಕಡಿಮೆ? ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ಶಹಾಪುರ, ಸುರಪುರದ ಒಂದಷ್ಟು ಹೊಲಗಳಿಗೆ ನೀರುಣಿಸಿ ಭತ್ತ, ಹತ್ತಿಯ ಕೆಲಸ ಕೊಟ್ಟಿದೆ. ಕಾಲುವೆ ಮುಟ್ಟದ ಮಳೆಯಾಶ್ರಿತ ಊರುಗಳಲ್ಲಿ ಬೇಸಿಗೆ ಬಂದರೆ ಎಲ್ಲರೂ ಒಟ್ಟಿಗೇ ಕೆಲಸ ಹುಡುಕುತ್ತಾರೆ. ಆಗ ನಗರದ ಕೆಲಸಕ್ಕೆ ಆಳು ಒಯ್ಯುವ ಮೇಸ್ತ್ರಿಯ ಮುಂಗಡ ಮನೆ ಬಾಗಿಲಿಗೆ ಬರುತ್ತದೆ. ಹಣ ಪಡೆದವರಿಗೆ ನಗರ ಸೇರುವ ಮೊದಲೇ ದರ ನಿಗದಿಯಾಗಿರುತ್ತದೆ. ನಡುವೆ ಬಿಟ್ಟುಬರಲು ಸಾಲ ಬಿಡುವುದಿಲ್ಲ. ಇಂಥ ಸಾಲದ ಜೀತವನ್ನು 1976ರ ಕಾಯ್ದೆ ನಿಷೇಧಿಸಿತು. ಆದರೆ ಮುಂಗಡಕ್ಕೆ ಕೈಯೊಡ್ಡಿಸುವ ಅಗತ್ಯವನ್ನು ನಿವಾರಿಸಲಿಲ್ಲ. ಹೀಗೆ ದುಡಿಮೆಯನ್ನು ಕೊಳ್ಳುವವರು ಕೆಲವರೇ ಆದಾಗ ಕೂಲಿ ದುಡಿಮೆಯ ನಿಜ ಮೌಲ್ಯಕ್ಕಿಂತ ಕೆಳಗಿಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು ಶೇ 52 ಇದ್ದು ರಾಜ್ಯಕ್ಕೇ ಕೊನೆಯಾಗಿದ್ದ ಯಾದಗಿರಿ ಜಿಲ್ಲೆಯಲ್ಲಿ ಬೇರೆ ಉದ್ಯೋಗದ ದಾರಿಗಳೂ ಕಿರಿದು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗಕ್ಕಿರುವ ಮೀಸಲಾತಿ ಓದು ಮುಗಿಸಿದವರಿಗೆ ಆಸರೆ. ಶಾಲೆ ಬಿಟ್ಟು ಗುಳೆ ಹೋದ ಮಗುವಿಗೆ ಅದು ನಿಲುಕದು.

ಊರಲ್ಲೇ ಕೆಲಸದ ಖಾತರಿ ಇದ್ದರೆ ಮೇಸ್ತ್ರಿಯ ಮುಂದೆ ಮಾತಾಡುವ ಧೈರ್ಯ ಬರುತ್ತದೆ. ಆದರೆ ಹತ್ತಿ ಬಿಡಿಸುವ ಹೊತ್ತಿಗೆ ಆಳು ಸಿಗದು, ಕೂಲಿ ಏರಿದರೆ ಸಣ್ಣ ರೈತ ಉಳಿಯುವುದು ಹೇಗೆ ಎಂಬ ಆಕ್ಷೇಪವಿದೆ. ಅದು ನಿಜವಾದ ಸಂಕಟ. ಆದರೂ ಅವಿಭಜಿತ ಆಂಧ್ರದಲ್ಲಿ ಉದ್ಯೋಗ ಖಾತರಿ ಯೋಜನೆಯ ಪಾವತಿ ಸುಧಾರಿಸಿದಾಗ ಖಾಸಗಿ ಕೂಲಿ ಏರಿತು, ಖಾಸಗಿ ಉದ್ಯೋಗ ಕುಸಿಯಲಿಲ್ಲ ಎಂದು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಬೇಸಿಗೆಯ ಕಾಮಗಾರಿ ಹತ್ತಿ ಹೊಲದಿಂದ ಯಾರನ್ನೂ ಸೆಳೆಯುವುದಿಲ್ಲ. ತುಂಡು ಹೊಲದ ರೈತನೂ ಬೇಸಿಗೆಯಲ್ಲಿ ಕೂಲಿಯವನೇ. ಅವನ ನಷ್ಟವನ್ನು ಬೆಳೆಯ ಬೆಲೆಯಲ್ಲಿ ಸರಿಪಡಿಸಬೇಕು, ಕೂಲಿಯವಳ ಪಾಲಿನಿಂದಲ್ಲ.

ಗುಳೆಯಿಂದಲೇ ಎಷ್ಟೋ ಮನೆ ಎದ್ದಿವೆ ಎಂಬುದೂ ನಿಜ. ಆಯ್ದುಕೊಂಡು ಹೋಗುವ ಗುಳೆಯನ್ನು ಯಾರೂ ತಡೆಯಬೇಕಿಲ್ಲ; ಸಾಲ ಅಟ್ಟುವ ಗುಳೆಯನ್ನು ತಡೆಯಬೇಕು. ಅದಕ್ಕೆ ಮುಂಗಡ ಹಂಚಿಕೆಯಾಗುವ ಮೊದಲೇ ಕಾಮಗಾರಿ ಆರಂಭವಾಗಬೇಕು, ಕೂಲಿ ಹದಿನೈದು ದಿನದೊಳಗೆ ಖಾತೆ ಸೇರಬೇಕು, ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ವಸತಿ ಮತ್ತು ಶಾಲೆ ಸಿಗಬೇಕು.