ಪರದೆ ಸರಿಸಿ, ಮಗುವಿನ ಬಣ್ಣ ನೋಡಿ

ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತದೆ. ಗಾಳಿ ಸೋಕಬಾರದೆಂದು ಬಾಗಿಲಿಗೆ ಹಳೆ ಸೀರೆಯ ಪರದೆ, ಮೂಲೆಯಲ್ಲಿ ಲೋಬಾನದ ಹೊಗೆ, ಗೋಡೆಗೊಂದು ಝೀರೋ ಬಲ್ಬು. ಆ ಮಂಕು ಬೆಳಕಿನಲ್ಲಿ ಎಲ್ಲ ಮಕ್ಕಳೂ ಬಂಗಾರದ ಗೊಂಬೆಗಳೇ. 'ಅರಿಶಿನ ಹಚ್ಚಿ ಎರೆದಿದ್ದೀವಲ್ಲ, ಅದಕ್ಕೇ ಈ ಬಣ್ಣ' ಎನ್ನುವ ಅಜ್ಜಿಯ ಮಾತಿನಲ್ಲಿ ಹೆಮ್ಮೆಯೂ ಇರುತ್ತದೆ. ಕಾಮಾಲೆ ಅಡಗಿ ಕೂರುವುದು ಇಂಥಲ್ಲೇ.

ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60ಕ್ಕೆ, ತಿಂಗಳು ತುಂಬದವರಲ್ಲಿ 80ಕ್ಕೆ ಮೊದಲ ವಾರದಲ್ಲಿ ಮೈ ಹಳದಿಯಾಗುತ್ತದೆ. ಎಳೆಯ ಮೈಯಲ್ಲಿ ಕೆಂಪು ರಕ್ತಕಣಗಳು ಹೆಚ್ಚು, ಅವುಗಳ ಆಯಸ್ಸು ಕಡಿಮೆ. ಒಡೆದ ಕಣಗಳಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವಷ್ಟು ಯಕೃತ್ತು ಇನ್ನೂ ಪಳಗಿರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಏರುತ್ತಲೇ ಹೋಗಿ ಮಿದುಳನ್ನು ಮುಟ್ಟುತ್ತದೆ. ಆಮೇಲೆ ಕಿವುಡು, ಕೈಕಾಲುಗಳ ಹಿಡಿತ ತಪ್ಪುವುದು, ಎಲ್ಲವೂ ಜೀವನಪೂರ್ತಿ.

ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಸಹಜ ಹೆರಿಗೆಯಾದರೆ ಎರಡನೇ ದಿನಕ್ಕೇ ಡಿಸ್ಚಾರ್ಜ್ ಸಾಮಾನ್ಯ. ಹಳದಿ ಜೋರಾಗುವುದು ಮೂರರಿಂದ ಐದನೇ ದಿನಕ್ಕೆ. ಹೊತ್ತಿಗೆ ಸರಿಯಾಗಿ ಮಗು ಡಾಕ್ಟರ ಕಣ್ಣು ತಪ್ಪಿಸಿ ಪರದೆಯ ಹಿಂದೆ ಸೇರಿಕೊಂಡಿರುತ್ತದೆ.

ಆದ್ದರಿಂದ ಮನೆಯವರಲ್ಲಿ ಒಂದು ಬೇಡಿಕೆ. ಮೂರನೇ ದಿನದಿಂದ, ಎರೆಯುವ ಮುನ್ನ, ಮಗುವನ್ನು ಹಗಲು ಬೆಳಕಿಗೆ ತನ್ನಿ. ಹಣೆ, ಎದೆ, ಆಮೇಲೆ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿಯೋ ನೋಡಿ. ಮೈಬಣ್ಣ ಕಪ್ಪಗಿದ್ದರೆ ಕಣ್ಣಿನ ಬಿಳಿ, ಒಸಡು ನೋಡಿ. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದಿದ್ದರೆ, ಮಗು ಮೊಲೆ ಕಚ್ಚದೆ ಮಂಪರಿನಲ್ಲಿದ್ದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಿಲ್ಲಾಗಿಸಿದರೆ, ಅದೇ ಗಳಿಗೆಯಲ್ಲಿ ಹೊರಡಿ. 108 ಆಂಬುಲೆನ್ಸ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಗೂಸಿನ ಚಿಕಿತ್ಸೆ ಉಚಿತ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ಹೇಳಿ.

'ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು' ಎಂಬ ಮಾತು ಪೂರ್ತಿ ಸುಳ್ಳಲ್ಲ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್ ಹಸುಳೆಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಚರ್ಮ ಮಾತ್ರ ಹಳದಿಯಾಗಿ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಇಂದಿನ ನೀಲಿ ದೀಪದ ಚಿಕಿತ್ಸೆ ಹುಟ್ಟಿದ್ದು ಆ ತ್ರಿಕೋನದಿಂದ. ಆದರೆ ದೀಪದಡಿ ಮಗು ಬರಿಮೈಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗಂಟೆಗಟ್ಟಲೆ ಮಲಗಿರುತ್ತದೆ. ಟೋಪಿ, ಸ್ವೆಟರ್ ತೊಡಿಸಿ ಜಗಲಿಯಲ್ಲಿ ಹತ್ತು ನಿಮಿಷ ಹಿಡಿದರೆ ಅದಕ್ಕೆ ಸಮನಾಗುವುದಿಲ್ಲ. ಬಿಸಿ ಬಳೆಯಿಂದ, ಅಗರಬತ್ತಿಯಿಂದ ಹೊಟ್ಟೆಗೆ ಬರೆ ಎಳೆಯುವುದಂತೂ ಮದ್ದೇ ಅಲ್ಲ, ಸುಟ್ಟ ಗಾಯ.

ಇನ್ನೊಂದು, ಟ್ರಂಕಿನ ವಿಷಯ. ಅಣ್ಣನೋ ಅಕ್ಕನೋ ತೊಟ್ಟ ಹಳೆಯ ಅಂಗಿಯನ್ನು ಹೊಸ ಕೂಸಿಗೆ ತೊಡಿಸುವುದು ಒಳ್ಳೆಯ ಸಂಪ್ರದಾಯವೇ. ಆದರೆ ಅದರ ಜೊತೆ ನುಸಿಗುಳಿಗೆಯ ವಾಸನೆಯೂ ಬರುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಸರಸರನೆ ಒಡೆದು ಕಾಮಾಲೆಯನ್ನು ಉಲ್ಬಣಿಸಬಲ್ಲದು. ಕೊರತೆ ಯಾರಿಗಿದೆಯೆಂದು ಮುಖ ನೋಡಿ ಹೇಳಲಾಗದು. ಕೂಸಿನ ಬಟ್ಟೆಯ ನಡುವೆ ಆ ಗುಳಿಗೆ ಇಡಲೇಬೇಡಿ.

ಓಡಬೇಕಾದ ಕಡೆ ಕಾಯುವ ಮನೆಗಳೇ ಕೈ ಹಾಕಬಾರದ ಕಡೆ ಕೈ ಹಾಕುತ್ತವೆ. ಗಂಡಾಗಲಿ ಹೆಣ್ಣಾಗಲಿ, ಕೂಸಿನ ಎದೆ ಉಬ್ಬಿ ಹನಿ ಹಾಲು ಒಸರುವುದು ತಾಯಿಯ ಹಾರ್ಮೋನಿನ ಉಳಿಕೆ. ಎರೆಯುವವರು ಅದನ್ನು ಹಿಂಡಿದರೆ ಕೀವು ಕಟ್ಟಬಹುದು; ಬಿಟ್ಟರೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೆಣ್ಣುಮಗುವಿಗೆ ಮೊದಲ ವಾರ ಒಂದೆರಡು ದಿನ ತುಸು ರಕ್ತ ಕಾಣುವುದೂ ಇದೇ ಕಾರಣಕ್ಕೆ. ಸೊಂಟದ ಕೆಳಗಿನ ನೀಲಿ ಮಚ್ಚೆಗೆ ಗ್ರಹಣದ ಸಂಬಂಧವಿಲ್ಲ.

ಎರಡು ವಾರ ದಾಟಿಯೂ ಹಳದಿ ಉಳಿದರೆ ಕಕ್ಕಸಿನ ಬಣ್ಣ ಗಮನಿಸಿ. ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗಾದರೆ ಫಲ ಹೆಚ್ಚು. ಆಶಾ ಕಾರ್ಯಕರ್ತೆ ಮನೆಗೆ ಬರುವುದು 3, 7, 14, 21, 28 ಮತ್ತು 42ನೇ ದಿನ. 'ಮಗು ಮಲಗಿದೆ, ನಾಳೆ ಬಾಮ್ಮ' ಎಂದು ಹೊಸ್ತಿಲಿನಿಂದಲೇ ಕಳಿಸಬೇಡಿ. ಒಳಗೆ ಕರೆದು, ಕಿಟಕಿ ತೆರೆದು, ಅಂಗಿ ಬಿಚ್ಚಿ ತೋರಿಸಿ.